ರತ್ನವ್ವ ಎಣಿಸಿದ ತೇಗುಗಳು

ಇಳಕಲ್ಲಿನ ಆ ಓಣಿಯಲ್ಲಿ ಹದಿನಾಲ್ಕು ಕುಣಿಮಗ್ಗಗಳಿವೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು. ಕಣ್ಣು ಮುಚ್ಚಿಕೊಂಡು ಓಣಿಯಲ್ಲಿ ನಡೆದರೂ ಹುಚ್ಚೇಶನ ಮನೆ ಯಾವುದೆಂದು ಹೇಳಬಹುದಿತ್ತು. ಉಳಿದ ಮನೆಗಳಿಂದ ಲಾಳಿಯ ಖಟ್ ಖಟ್ ಮಾತ್ರ ಬರುತ್ತಿತ್ತು. ಹುಚ್ಚೇಶನ ಮನೆಯಿಂದ ಖಟ್ ಖಟ್ ನಡುನಡುವೆ ತೇಗು, ಅವರ ಮಾತಿನಲ್ಲಿ ಡರಕಿ.

"ಏ ಹುಚ್ಚ್ಯಾ, ನಿನ್ನ ಮಗ್ಗಕ್ಕೊಂದು ಸೈಲೆನ್ಸರ್ ಹಾಕ್ಸೋ ಮಾರಾಯಾ," ಎಂದು ಎದುರು ಮನೆಯ ಕುಣಿಯಿಂದ ಅಬ್ದುಲಸಾಬ ಕೂಗುತ್ತಿದ್ದ.

"ನಿನ್ನ ಲಾಳಿ ನೀ ನೋಡ್ಕೊಳಲೇ ಸಾಬಾ. ನನ್ನ ಹೊಟ್ಟಿ ನಿನಗೇನು ಬಾಡಿಗಿ ಕೊಟ್ಟಿಲ್ಲ."

ಮಧ್ಯಾಹ್ನ ರೊಟ್ಟಿ ತಿಂದು ಗಂಡಸರೆಲ್ಲ ಓಣಿಯ ತುದಿಗೆ ಸೋಡಾ ಗಾಡಿಯ ಹತ್ತಿರ ಸೇರುವುದು ರೂಢಿ. ಉಪ್ಪು, ಲಿಂಬೆ ಹಾಕಿದ ಸೋಡಾ ಒಂದೇ ಗುಟುಕಿಗೆ ಕುಡಿದು, ಯಾರು ಉದ್ದ ತೇಗುತ್ತಾರೋ ಅವರದು ಆ ದಿನದ ಗೆಲುವು. ಹುಚ್ಚೇಶನನ್ನು ಎರಡು ವರ್ಷದಿಂದ ಯಾರೂ ಸೋಲಿಸಿರಲಿಲ್ಲ. 'ಇಂಜಿನ್' ಎಂದು ಹೆಸರಿಟ್ಟವನೂ ಅಬ್ದುಲಸಾಬನೇ.

ಓಣಿಗೆ ಓಣಿಯೇ ನಗುತ್ತಿತ್ತು. ರತ್ನವ್ವ ನಗುತ್ತಿರಲಿಲ್ಲ. ಮಗ್ಗದ ಪಕ್ಕ ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ಕಂಡಿಕೆ ಸುತ್ತುತ್ತ, ಗಂಡ ಒಮ್ಮೆ ತೇಗಿದರೆ ಒಂದು ಹುಣಸೆಬೀಜವನ್ನು ಸೆರಗಿನ ಮರೆಯ ಬಟ್ಟಲಿಗೆ ಹಾಕುತ್ತಿದ್ದಳು. ಬೆಳಗಿನ ರೊಟ್ಟಿಯಿಂದ ಮಧ್ಯಾಹ್ನದ ರೊಟ್ಟಿಯವರೆಗೆ. ಯುಗಾದಿಗೆ ಮೊದಲು ಇಪ್ಪತ್ತು, ಮೂವತ್ತು ಆಗುತ್ತಿದ್ದವು. ಯುಗಾದಿಯ ನಂತರ ಅರವತ್ತು. ಒಂದು ದಿನ ಎಂಬತ್ನಾಲ್ಕು. ಎಣಿಸಿ ಏನು ಮಾಡಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಬಂಡೆಪ್ಪನ ತೇಗುಗಳನ್ನು ಯಾರೂ ಎಣಿಸಿರಲಿಲ್ಲ, ಅಷ್ಟೇ.

ಬಂಡೆಪ್ಪ ಹುಚ್ಚೇಶನ ಅಣ್ಣ. ಪಕ್ಕದ ಮನೆಯಲ್ಲೇ ಮಗ್ಗ. ಅವನೂ ಹೀಗೇ ಎರಡು ವರ್ಷ ತೇಗಿದ. ಅಡುಗೆ ಸೋಡಾ ನೀರಿಗೆ ಕದಡಿ ಕುಡಿದ, ಓಮಿನಕಾಳು ಜಗಿದ, ಬೆಳ್ಳುಳ್ಳಿ ಸುಟ್ಟು ತಿಂದ. ರೊಟ್ಟಿ ಗಂಟಲಲ್ಲಿ ನಿಲ್ಲತೊಡಗಿತು. ಅನ್ನಕ್ಕೆ ಇಳಿದ, ಅನ್ನದಿಂದ ಗಂಜಿಗೆ ಇಳಿದ. ಗಂಜಿಯೂ ಇಳಿಯದಾದಾಗ ಬಾಗಲಕೋಟೆಗೆ ಕರೆದೊಯ್ದರು. ಅಲ್ಲಿ ಬಾಯಿಂದ ಹೊಟ್ಟೆಗೆ ಪೈಪ್ ಬಿಟ್ಟು ನೋಡಿದರು, ಕ್ಯಾನ್ಸರ್ ಎಂದರು. ಅದಾಗಿ ಮೂರನೇ ತಿಂಗಳಿಗೆ ಬಂಡೆಪ್ಪ ಹೋದ.

ಓಣಿ ಇದರಿಂದ ಒಂದು ಪಾಠ ಕಲಿಯಿತು, ತಪ್ಪು ಪಾಠ. 'ಪೈಪ್ ಹೋತು, ಜೀವ ಹೋತು' ಎಂದರು. ಎರಡು ವರ್ಷ ಸುಮ್ಮನಿದ್ದದ್ದರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅಣ್ಣನಿಗೆ ಮಣ್ಣು ಹಾಕಿ ಬಂದ ದಿನ ಹುಚ್ಚೇಶ ಹೆಂಡತಿಗೆ ಹೇಳಿದ್ದು ಒಂದೇ: "ನನಗೇನರ ಆದ್ರ ಪೈಪ್ ಒಂದ್ ಹಾಕಿಸಬ್ಯಾಡ. ಆಣಿ ಐತಿ ನಿನಗ."

ಆ ಆಣೆ ಮೂರು ವರ್ಷದಿಂದ ರತ್ನವ್ವನ ಎದೆಯ ಮೇಲೆ ಕೂತಿತ್ತು.

"ಏನ್ರಿ, ಒಮ್ಮೆ ತೋರ್ಸ್ಕೊಂಡು ಬರೂಣು."

"ಡರಕಿ ಯಾರಿಗೆ ಬರೂದಿಲ್ಲ? ಬಂದ್ರ ಚೊಲೋನ ಆತು. ಒಳಗಿನ ಗ್ಯಾಸ್ ಹೊರಗ ಹೋತು."

"ಭಾವನೂ ಹಿಂಗ ಅಂತಿದ್ರು."

ಮಗ್ಗ ನಿಂತಿತು. ಹುಚ್ಚೇಶ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಲಾಳಿ ಮತ್ತೆ ಓಡಿತು, ಅದರ ಹಿಂದೆಯೇ ತೇಗು ಬಂತು. ರತ್ನವ್ವ ಬಟ್ಟಲಿಗೆ ಒಂದು ಬೀಜ ಹಾಕಿದಳು.

ಹುಚ್ಚೇಶನಿಗೆ ನಲವತ್ತೆಂಟು. ಹದಿನೈದರಲ್ಲಿ ಅಪ್ಪನ ಕುಣಿಗೆ ಇಳಿದವನು. ಅವನ ದಿನ ಹೇಗಿತ್ತೆಂದು ಹೇಳಬೇಕು, ಏಕೆಂದರೆ ಅವನ ಹೊಟ್ಟೆಯ ಕಥೆ ಇರುವುದು ಅಲ್ಲಿಯೇ. ಬೆಳಿಗ್ಗೆ ಆರಕ್ಕೆ ಚಹಾ ಮಾರುವ ಗಾಳೆಪ್ಪ ಕಿಟಲಿ ಹಿಡಿದು ಬರುತ್ತಾನೆ. ಮನೆ ಮನೆಗೆ ಚಹಾ, ಚಹಾದ ಜೊತೆಗೆ ಅಂಗಿಯ ಜೇಬಿನಿಂದ 'ಬೆನ್ನಿಂದು' ಒಂದು. ಖಾಲಿ ಹೊಟ್ಟೆಗೆ ಎರಡನ್ನೂ ಇಳಿಸಿ ಮಗ್ಗಕ್ಕೆ ಕೂತರೆ ಒಂಬತ್ತಕ್ಕೆ ರೊಟ್ಟಿ. ರೊಟ್ಟಿಗೆ ಹುಚ್ಚೇಶ ಕೊಡುತ್ತಿದ್ದದ್ದು ಐದೇ ನಿಮಿಷ. ತಿನ್ನುತ್ತ ಮಾತು, ಮಾತಿನ ನಡುವೆ ನೀರು, ಕೈ ತೊಳೆದವನೇ ಮತ್ತೆ ಕುಣಿಗೆ. ಸಂಜೆಯೊಳಗೆ ಎಂಟು ಚಹಾ. ದವಡೆಯಲ್ಲಿ ಯಾವಾಗಲೂ ಎಲೆ, ಅಡಿಕೆ, ತಂಬಾಕು. ಹಬ್ಬ, ಮದುವೆ ಬಂದವೆಂದರೆ ಸಾವುಕಾರ ಸೀರೆಗೆ ಅವಸರ ಮಾಡುತ್ತಾನೆ, ಆಗ ಐದು ನಿಮಿಷದ ಊಟ ಮೂರು ನಿಮಿಷಕ್ಕೆ ಇಳಿಯುತ್ತದೆ. ಇಳಕಲ್ ಸೀರೆಯ ಸೊಗಸಿನ ಬಗ್ಗೆ ವೇದಿಕೆಯ ಮೇಲೆ ತಾಸುಗಟ್ಟಲೆ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನೇಯುವವನು ಎಷ್ಟು ಹೊತ್ತು ಕೂತು ಉಣ್ಣುತ್ತಾನೆಂದು ಅವರಲ್ಲಿ ಒಬ್ಬರೂ ಕೇಳಿದ್ದಿಲ್ಲ.

ಮೊದಲು ರತ್ನವ್ವನ ಕಣ್ಣಿಗೆ ಬಿದ್ದದ್ದು ಮಗ್ಗದ ದಿಂಡು. ನೇಯ್ದ ಸೀರೆ ಸುತ್ತಿಕೊಳ್ಳುವ ಆ ಮರದ ದಿಂಡು ನೇಕಾರನ ಹೊಟ್ಟೆಗೆ ಒತ್ತಿಕೊಂಡೇ ಇರುತ್ತದೆ. ಹುಚ್ಚೇಶನ ಅಪ್ಪನ ಹೊಟ್ಟೆ, ಅವನ ನಂತರ ಹುಚ್ಚೇಶನ ಹೊಟ್ಟೆ ಉಜ್ಜಿ ಉಜ್ಜಿ ದಿಂಡಿನ ನಡುಭಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಈಗ ಆ ಹೊಳಪಿಗೂ ಅವನ ಅಂಗಿಗೂ ನಡುವೆ ನಾಲ್ಕು ಬೆರಳು ಜಾಗ ಬಿದ್ದಿತ್ತು.

"ಹಿಂದ ಸರದು ಕುಂತೀರೇನು?"

"ಇಲ್ಲವಾ. ಇಲ್ಲೇ ಅದೇನಿ."

ಮರುದಿನ ನೀರು ಹಾಕಿಕೊಳ್ಳುವಾಗ ಬೆನ್ನು ತಿಕ್ಕಲು ಹೋದವಳು ಅವನ ಉಡದಾರ ನೋಡಿದಳು. ಮಗುವಾಗಿದ್ದಾಗಿನಿಂದ ಗಂಡಸಿನ ಸೊಂಟ ಬಿಡದ ಆ ದಾರಕ್ಕೆ ಎರಡು ಹೊಸ ಗಂಟುಗಳು ಬಿದ್ದಿದ್ದವು. ಜಾರದಂತೆ ಅವನೇ ಹಾಕಿಕೊಂಡದ್ದು. ಅಂದರೆ ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿರಲಿಲ್ಲ. ರತ್ನವ್ವ ಏನೂ ಕೇಳದೆ ಬೆನ್ನು ತಿಕ್ಕಿ ಒಳಗೆ ಬಂದು, ಒಲೆಯ ಮುಂದೆ ಕೂತು, ಹಿಟ್ಟು ನಾದುವುದನ್ನು ಮರೆತು ಕೂತೇ ಇದ್ದಳು.

ಮೂರನೆಯದು ಹೇಳಲು ನಾಚಿಕೆಯ ಮಾತು. ಹೇಳದೇ ಇದ್ದರೆ ಈ ಬರಹ ಬರೆದು ಉಪಯೋಗವಿಲ್ಲ. ಸಂಡಾಸಕ್ಕೆ ನೀರು ಹಾಕಿ ತೊಳೆಯುವ ಕೆಲಸ ಎಲ್ಲ ಮನೆಗಳಂತೆ ಆ ಮನೆಯಲ್ಲೂ ಹೆಂಗಸಿನದೇ. ಒಂದು ಬೆಳಿಗ್ಗೆ ಬಕೆಟ್ ಹಿಡಿದು ಹೋದವಳು ಹಾಗೇ ನಿಂತಳು. ರಸ್ತೆಗೆ ಹಾಕುವ ಡಾಂಬರಿನಂತೆ ಕಪ್ಪು, ಅಂಟು. ಕೆಟ್ಟ ವಾಸನೆ, ದಿನದ ವಾಸನೆಯಲ್ಲ. ಎರಡು ಬಕೆಟ್ ನೀರಿಗೂ ಹೋಗಲಿಲ್ಲ.

ಗುರೆಳ್ಳು ಚಟ್ನಿ, ಅಂದುಕೊಂಡಳು. ಹುಚ್ಚೇಶನಿಗೆ ಕಡಕ್ ರೊಟ್ಟಿಯ ಜೊತೆ ಕರಿ ಗುರೆಳ್ಳು ಚಟ್ನಿ ಇರದಿದ್ದರೆ ಊಟವೇ ಅಲ್ಲ. ಕಪ್ಪು ತಿಂದರೆ ಕಪ್ಪೇ ಬರುತ್ತದೆ. ಅರ್ಧ ದಿನ ಹಾಗೆಂದು ತನ್ನನ್ನು ತಾನು ನಂಬಿಸಿಕೊಂಡಳು. ಆಮೇಲೆ ಅವಳು ಮಾಡಿದ ಕೆಲಸಕ್ಕೆ ಯಾವ ಓದಿದವರಾದರೂ ತಲೆ ಬಾಗಬೇಕು. ಚಟ್ನಿಯ ಡಬ್ಬಿಯನ್ನೇ ಬಚ್ಚಿಟ್ಟಳು.

"ಚಟ್ನಿ ಎಲ್ಲಿ?"

"ಗುರೆಳ್ಳು ತೀರ್ಯಾವ್ರಿ."

"ಬಜಾರದಾಗ ಗುರೆಳ್ಳಿಗೆ ಬರ ಬಿದ್ದೈತೇನು?"

"ಶೇಂಗಾ ಚಟ್ನಿ ತಿನ್ರಿ ಒಂದ್ ವಾರ. ಸಾಯಂಗಿಲ್ಲ."

ಆ ಕೊನೆಯ ಮಾತು ಬಾಯಿ ತಪ್ಪಿ ಬಂದಿತ್ತು. ಐದು ದಿನ ಕಾದಳು. ಐದೂ ದಿನ ಕಪ್ಪು.

ಆಗಲೂ ಅವನು ಏಳಲಿಲ್ಲ. ಅವನನ್ನು ಏಳಿಸಿದ್ದು ಹೊಟ್ಟೆಯಲ್ಲ, ಕೈ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಮನೆಯ ಈ ಕೆಲಸ ಹುಚ್ಚೇಶ ಯಾರಿಗೂ ಬಿಟ್ಟುಕೊಟ್ಟವನಲ್ಲ. ಸಾವಿರಾರು ಎಳೆಗಳಲ್ಲಿ ಒಂದೂ ತಪ್ಪಿಲ್ಲದ ಕೈ ಎಂದು ಊರಲ್ಲಿ ಹೆಸರು. ಅಂದು ಕೊಂಡಿ ಹಾಕುತ್ತ ಹಾಕುತ್ತ ಕಣ್ಣು ಮಂಜಾಯಿತು. ಎಳೆಗಳು ಎರಡೆರಡಾಗಿ ಕಂಡವು. ಕಣ್ಣುಜ್ಜಿ ಮುಂದುವರಿಸಿದ. ಮುಗಿದ ಮೇಲೆ ರತ್ನವ್ವ ಬೆರಳಾಡಿಸಿ ನೋಡಿದಳು.

"ಕೊಂಡಿ ತಪ್ಪೇತ್ರಿ."

"ಎಲ್ಲಿ?"

"ಇಲ್ಲಿ. ಇಲ್ಲೂ ಐತಿ. ಈ ಕಡೆ ಒಂದ್ ಹಿಡಿ ಎಳಿ ಎಲ್ಲಾ ಅಡ್ಡಾದಿಡ್ಡಿ ಆಗ್ಯಾವು."

ಹುಚ್ಚೇಶ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಗೋಡೆಗೆ ಒರಗಿ ಮೆಲ್ಲಗೆ ಹೇಳಿದ: "ಬಾಗಲಕೋಟಿ ಬಸ್ ಎಷ್ಟಕ್ಕ ಐತಿ? ಆದ್ರ ಪೈಪ್ ಬ್ಯಾಡ."

ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಎರಡು ತಾಸಿನ ಹಾದಿ. ಅಷ್ಟು ದೂರವೂ ಅವನು ಕಿಟಕಿಯ ಕಡೆ ಮುಖ ಮಾಡಿ ತೇಗಿದ. ಹಿಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. ವಿದ್ಯಾಗಿರಿಯ ಒಂದು ದವಾಖಾನೆಯಲ್ಲಿ ಡಾಕ್ಟರ್ ದಾನಮ್ಮ ಎಂಬವರ ಮುಂದೆ ಕೂತಾಗ ಮಧ್ಯಾಹ್ನವಾಗಿತ್ತು. ಡಾಕ್ಟರು ಇದೇ ಜಿಲ್ಲೆಯವರು, ಮಾತು ನಮ್ಮದೇ.

"ಏನಾಗೈತ್ರಿ?"

"ಏನಿಲ್ರಿ ಮೇಡಮ್ಮರ. ಒಂದಿಷ್ಟು ಗ್ಯಾಸು."

ರತ್ನವ್ವ ಸೆರಗಿನ ಗಂಟು ಬಿಚ್ಚಿ ಹುಣಸೆಬೀಜಗಳನ್ನು ಮೇಜಿನ ಮೇಲೆ ಸುರಿದಳು.

"ಇವು ಏನವಾ?"

"ಇವರ ಡರಕಿ ರೀ. ನಿನ್ನಿ ಮುಂಜಾನಿಂದ ಮಧ್ಯಾಹ್ನದ ತನಕದ್ದು."

"ಏ, ಮಾನ ಮರ್ಯಾದಿ ಐತೇನ ನಿನಗ?" ಎಂದ ಹುಚ್ಚೇಶ.

ಡಾಕ್ಟರು ನಗಲಿಲ್ಲ. ಬೆರಳಿನಿಂದ ಬೀಜ ಸರಿಸಿ ಎಣಿಸಿದರು. "ಎಪ್ಪತ್ತೊಂದು," ಎಂದು ಚೀಟಿಯಲ್ಲಿ ಬರೆದುಕೊಂಡರು. "ಉಂಡ ಮ್ಯಾಲ ನಾಕೈದು ಡರಕಿ ಬಂದ್ರ ರೋಗ ಅಲ್ರಿ. ಉಣ್ಣುವಾಗ, ಮಾತಾಡುವಾಗ ಒಂದಿಷ್ಟು ಗಾಳಿ ಹೊಟ್ಟಿಗೆ ಹೋಗ್ತೈತಿ, ಹಂಗ ವಾಪಸ್ ಬರ್ತೈತಿ. ಗಬಗಬ ತಿಂದ್ರ, ಚಹಾ ಸುರ್ ಅಂತ ಎಳದ್ರ, ಸೋಡಾ ಕುಡದ್ರ, ಬಾಯಾಗ ಎಲಿ ಅಡಕಿ ಇಟ್ಕೊಂಡು ಚಪ್ಪರಿಸಿದ್ರ ಹೆಚ್ಚು ಗಾಳಿ ಹೋಗ್ತೈತಿ. ನೀವು ಇವೆಲ್ಲಾ ಮಾಡ್ತೀರೇನು?"

"ಎಲ್ಲಾ ಮಾಡ್ತಾರ್ರಿ," ಎಂದಳು ರತ್ನವ್ವ.

ಅಷ್ಟರಲ್ಲಿ ಹುಚ್ಚೇಶ ಗದ್ದ ಎತ್ತಿ, ಗಂಟಲು ಬಿಗಿ ಹಿಡಿದು ಒಮ್ಮೆ ತೇಗಿದ.

"ಈಗ ಏನ್ ಮಾಡಿದ್ರಿ ನೋಡ್ರಿ. ಮೊದಲ ಗಾಳಿ ನುಂಗಿದ್ರಿ, ಆಮ್ಯಾಲ ಡರಕಿ ಹೊಡದ್ರಿ. ಹಗೂರ ಅನಸ್ತೈತಿ ಅಂತ ಬೇಕಂತ ತರ್ತೀರಿ. ಹಿಂಗ ತಂದಷ್ಟೂ ಮತ್ತ ಬರ್ತೈತಿ, ಚಟಾ ಬಿದ್ದಂಗ. ಆದ್ರ ಹಗೂರ ಮಾಡ್ಕೋಬೇಕು ಅನ್ನುವಂಥ ಭಾರ ಹೊಟ್ಟ್ಯಾಗ ಏನೈತಿ? ಅದನ್ನ ಹುಡುಕಬೇಕು ನಾವು. ಆ್ಯಸಿಡ್ ಮ್ಯಾಲ ಬರತಿರಬಹುದು, ಹೊಟ್ಟ್ಯಾಗ ಕಣ್ಣಿಗೆ ಕಾಣದ ಒಂದು ಜಾತಿ ಕ್ರಿಮಿ ಇರಬಹುದು, ಹುಣ್ಣಾಗಿರಬಹುದು. ಕೆಲವೊಂದು ಗುಳಿಗಿಯಿಂದನೂ ಆಗ್ತೈತಿ. ಬ್ಯಾರೆ ಗುಳಿಗಿ ಏನರ ತೊಗೊಳ್ತೀರೇನು?"

"ಇಲ್ರಿ."

"ಬಿಪಿ, ಶುಗರ್, ಬ್ಯಾರೆ ಯಾವುದಕ್ಕರ?"

"ಇಲ್ರಿ ಮೇಡಮ್ಮರ. ಗುಳಿಗಿ ಅಂದ್ರ ನನಗ ಆಗಂಗಿಲ್ಲ."

ಡಾಕ್ಟರು ರತ್ನವ್ವನ ಕಡೆ ನೋಡಿದರು. ರತ್ನವ್ವನೂ ಇಲ್ಲವೆಂದು ತಲೆಯಾಡಿಸಿದಳು. ಇಬ್ಬರೂ ಸುಳ್ಳು ಹೇಳಲಿಲ್ಲ. ಅದನ್ನು ನೆನಪಿಟ್ಟುಕೊಳ್ಳಿ.

ಕಪ್ಪಗಿನ ವಿಷಯ ಹೇಳುವಾಗ ರತ್ನವ್ವ ಗಂಡನ ಮುಖ ನೋಡಲಿಲ್ಲ. ಡಾಕ್ಟರು ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅದು ಸುಣ್ಣದ ಗೋಡೆಯಂತಿತ್ತು. ರಕ್ತ ತೆಗೆದರು, ಒಂದು ತಾಸಿಗೆ ಚೀಟಿ ಬಂತು. ಹದಿಮೂರರ ಮೇಲಿರಬೇಕಾದ ಹಿಮೋಗ್ಲೋಬಿನ್ ಎಂಟಿತ್ತು.

"ಒಳಗೆಲ್ಲೋ ರಕ್ತ ಸೋರಾಕತ್ತೈತ್ರಿ. ಇವತ್ತ ದಾಖಲಾಗ್ರಿ. ಪೈಪ್ ಬಿಟ್ಟು ನೋಡೂಣು."

ಪೈಪ್ ಎಂಬ ಮಾತು ಕೇಳಿದ್ದೇ ಹುಚ್ಚೇಶ ಎದ್ದ. "ಒಂದಕ್ಕ ಹೋಗಿ ಬರ್ತೇನ್ರಿ" ಎಂದ. ಹೋದವನು ಬರಲಿಲ್ಲ.

ಕಾಲು ತಾಸು ಕಾದು ರತ್ನವ್ವ ಬಂಡೆಪ್ಪನದೂ ಆಣೆಯದೂ ಹೇಳಿ ಅಳತೊಡಗಿದಳು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಓಣಿಯಂಥ ಆ ಉದ್ದನೆಯ ಪಡಸಾಲೆಯಲ್ಲಿ ನಿಂತು, ಅವಳ ಕೈ ಹಿಡಿದು ಹೇಳಿದರು. "ಅವ್ರನ್ನ ಹೆಂಗರ ಮಾಡಿ ಒಪ್ಪಿಸಿ ನಾಳೆ ಕರ್ಕೊಂಡ್ ಬಾರವಾ. ಡರಕಿ ಒಂದ ಇದ್ರ ನಾ ಇಷ್ಟು ಅವಸರ ಮಾಡ್ತಿರಲಿಲ್ಲ. ಊಟದ ರೀತಿ ಬದಲು ಮಾಡಿ ಕೆಲವು ವಾರ ನೋಡ್ರಿ ಅಂತಿದ್ದೆ. ಇವ್ರಿಗೆ ತೂಕಾ ಇಳದೈತಿ, ರಕ್ತ ಇಳದೈತಿ, ಸಂಡಾಸ ಕಪ್ಪಾಗೈತಿ. ಇನ್ನ ನುಂಗಿದ್ದು ಗಂಟಲಾಗ ನಿಂತ್ರ, ಮ್ಯಾಲಿಂದ ಮ್ಯಾಲ ವಾಂತಿ ಆದ್ರ, ವಾಂತ್ಯಾಗ ರಕ್ತ ಇಲ್ಲಾ ಚಹಾಪುಡಿ ಗಷ್ಟಿನಂಥಾದ್ದು ಬಂದ್ರ ಒಂದ್ ತಾಸೂ ಕಾಯಬ್ಯಾಡ್ರಿ."

ರತ್ನವ್ವ ಬಸ್ ಸ್ಟ್ಯಾಂಡಿಗೆ ಓಡಿದಳು. ಹುಚ್ಚೇಶ ಇಳಕಲ್ ಬಸ್ಸಿನಲ್ಲಿ ಕೂತಿದ್ದ. ಪಕ್ಕದ ಸೀಟಿನ ಮೇಲೆ ಅವಳಿಗಾಗಿ ವಸ್ತ್ರ ಹಾಸಿ ಜಾಗ ಹಿಡಿದಿದ್ದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಹೇಳುತ್ತಾಳೆ.

ಡಾಕ್ಟರು ಕೊಟ್ಟ ಗುಳಿಗೆಗಳನ್ನು ತಪ್ಪದೆ ತಿನ್ನಿಸಿದಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು. ಅದರ ಹಿಂದೆಯೇ ಗಾಳೆಪ್ಪನ ಚಹಾ, ಚಹಾದ ಜೊತೆಗಿನದು. ನಾಲ್ಕನೇ ದಿನಕ್ಕೆ ಬಟ್ಟಲಲ್ಲಿ ನಲವತ್ತು ಬೀಜ, ಆರನೇ ದಿನಕ್ಕೆ ಮೂವತ್ತು. "ನೋಡಿದೇನು? ಪೈಪಿಲ್ದ ಕಮ್ಮಿ ಆತಿಲ್ಲೋ?" ಎಂದ ಹುಚ್ಚೇಶ. ದಿನಾ ಸಂಜೆ "ನಾಳೆ ಹೋಗೂಣು" ಎಂದು ಅವಳೆಂದರೆ "ಈ ಸೀರಿ ಮಗ್ಗದಿಂದ ಇಳೀಲಿ" ಎಂದು ಅವನು. ಸಂಡಾಸಿನ ಬಣ್ಣ ಮಾತ್ರ ಹಾಗೇ ಇತ್ತು. ಈಗ ಅವನೇ ನೀರು ಹಾಕಿ ತೊಳೆದು ಬರುತ್ತಿದ್ದ. ಮೂವತ್ತು ವರ್ಷದಲ್ಲಿ ಮೊದಲ ಸಲ ಹಾಕಿದ ನೀರು ಅದು.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಕುಣಿಯಿಂದ ಮೇಲೇಳಲು ದಿಂಡಿಗೆ ಕೈ ಊರಿದ ಹುಚ್ಚೇಶ ಏಳಲಿಲ್ಲ. ಹಾಸಿನ ಎಳೆಗಳ ಮೇಲೆ ಮುಖ ಅಡಿಯಾಗಿ ಬಿದ್ದ. ಅರ್ಧ ನೇಯ್ದ ಹಸಿರು ಸೀರೆಯ ಮೇಲೆ ಅವನು ಕಾರಿದ್ದು ಕುದಿಸಿ ಸೋಸಿದ ಚಹಾದ ಗಷ್ಟಿನಂತಿತ್ತು. ರತ್ನವ್ವ ಚೀರಿದ ಚೀರಿಗೆ ಓಣಿಯ ಹದಿಮೂರು ಮಗ್ಗಗಳು ಒಮ್ಮೆಗೇ ನಿಂತವು. ಅಬ್ದುಲಸಾಬ ಬರಿಗಾಲಲ್ಲಿ ಓಡಿ ಬಂದ. ಇಬ್ಬರು ಸೇರಿ ಅವನನ್ನು ಕುಣಿಯಿಂದ ಎತ್ತುವಾಗ, ಕಾಲಲ್ಲಿ ತುಳಿಯುವ ಹಲಗೆಗಳ ಪಕ್ಕ ಏನೋ ಮಿಣಿಮಿಣಿ ಮಿಂಚಿತು. ಗುಳಿಗೆ ತೆಗೆದ ಖಾಲಿ ಪಟ್ಟಿಗಳು. ಬೊಗಸೆ ತುಂಬ ಅಲ್ಲ, ಬುಟ್ಟಿ ತುಂಬುವಷ್ಟು. ರತ್ನವ್ವ ಅವುಗಳನ್ನು ನೋಡಿದಳು, ನೋಡಿಯೂ ಏನೂ ಅನ್ನಿಸಲಿಲ್ಲ. ಎಲ್ಲರ ಕುಣಿಯಲ್ಲೂ ಇರುತ್ತವೆ.

ಆಂಬುಲೆನ್ಸ್ ಬಾಗಲಕೋಟೆ ಸೇರುವಷ್ಟರಲ್ಲಿ ಅವನ ತುಟಿಯ ಬಣ್ಣವೇ ಹೋಗಿತ್ತು. ರಕ್ತದ ಬಾಟಲಿ ಏರಿಸಿ, ಡಾಕ್ಟರ್ ದಾನಮ್ಮ ಹೊರಗೆ ಬಂದು ಮತ್ತೆ ಅದೇ ಪ್ರಶ್ನೆ ಕೇಳಿದರು. "ನೆನಪು ಮಾಡ್ಕೊಂಡು ಹೇಳವಾ. ನೋವಿನ ಗುಳಿಗಿ ಏನರ? ತಲಿಗೆ, ಮೊಣಕಾಲಿಗೆ, ಬೆನ್ನಿಗೆ?"

"ಬೆನ್ನಿಗೆ?" ರತ್ನವ್ವ ತಲೆಯೆತ್ತಿದಳು. "ಬೆನ್ನಿಂದು ತೊಗೊಳ್ತಾರ್ರಿ. ಆದ್ರ ಅದು ಗುಳಿಗಿ ಅಲ್ರಿ. ಚಹಾದ ಜೋಡಿ ತೊಗೊಳ್ಳೂದು."

ಡಾಕ್ಟರು ಜೊತೆಗೆ ಬಂದಿದ್ದ ಅಬ್ದುಲಸಾಬನ ಕಡೆ ತಿರುಗಿದರು.

"ಖರೆ ರೀ ಮೇಡಮ್ಮರ," ಎಂದು ಅಬ್ದುಲಸಾಬ ಜೇಬಿಗೆ ಕೈ ಹಾಕಿ ತನ್ನ ಪಟ್ಟಿ ತೆಗೆದು ತೋರಿಸಿದ. "ಓಣ್ಯಾಗ ಎಲ್ಲಾರೂ ತೊಗೊಳ್ತೇವಿ. ಇದು ಇಲ್ದ ಕುಣ್ಯಾಗ ಇಳಿಯಾಕ ಆಗಂಗಿಲ್ಲ."

"ದಿನಾ?"

"ದಿನಾ ರೀ. ಮುಂಜಾನಿ ಒಂದು, ಸಂಜಿಕ ಒಂದು. ಸೀರಿ ಅರ್ಜೆಂಟ್ ಇದ್ರ ನಡುವೊಂದು."

"ಎಷ್ಟು ವರ್ಷ ಆತು?"

ಅಬ್ದುಲಸಾಬ ರತ್ನವ್ವನ ಮುಖ ನೋಡಿದ, ರತ್ನವ್ವ ನೆಲ ನೋಡಿದಳು. "ಹನ್ನೆರಡು, ಹದಿಮೂರು ಆಗಿರ್ಬೇಕ್ರಿ."

ನೋವಿನ ಗುಳಿಗೆಯನ್ನು ಹೀಗೆ ವರ್ಷಗಟ್ಟಲೆ, ಅದೂ ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆಯ ಒಳಗೋಡೆ ಕೊರೆದು ಹುಣ್ಣಾಗುತ್ತದೆ, ಹುಣ್ಣಿನಿಂದ ರಕ್ತ ಸೋರುತ್ತದೆ, ಸೋರಿದ ರಕ್ತ ಹೊಟ್ಟೆಯಲ್ಲಿ ಬೆಂದು ಕಪ್ಪಾಗಿ ಕೆಳಗಿಳಿಯುತ್ತದೆ. ಇದನ್ನು ತಿಳಿಯಲು ಡಾಕ್ಟರೇ ಆಗಬೇಕಿಲ್ಲ, ಯಾರಾದರೂ ಒಮ್ಮೆ ಹೇಳಿದ್ದರೆ ಸಾಕಿತ್ತು. ಯಾರು ಹೇಳಬೇಕಿತ್ತು? ಚೀಟಿ ಕೇಳದೆ ಗಾಳೆಪ್ಪನಿಗೆ ಡಬ್ಬಿಗಟ್ಟಲೆ ಮಾರಿದ ಅಂಗಡಿಯವನೇ? ಆ ಅಂಗಡಿಗೆ ಎಂದೂ ಕಾಲಿಡದ ಅಧಿಕಾರಿಯೇ? ಬೆನ್ನು ಮುರಿಯುವ ಹಾಗೆ ಅವಸರ ಮಾಡಿ ಸೀರೆ ಕೊಂಡೊಯ್ದ ಸಾವುಕಾರನೇ? ಗಾಳೆಪ್ಪನನ್ನು ಬೈಯುವುದು ಸುಲಭ, ಆದರೆ ಅವನೂ ಕಿಟಲಿ ಹೊತ್ತು ಹಿಡಿದ ಭುಜಕ್ಕೆ ಅದನ್ನೇ ನುಂಗುತ್ತಾನೆ. ನೇಯುವ ಮನೆಯಲ್ಲಿ ಲಾಳಿ ಒಂದು ಹತಾರ, ರಾಟೆ ಒಂದು ಹತಾರ, 'ಬೆನ್ನಿಂದು' ಕೂಡ ಒಂದು ಹತಾರ. ಔಷಧಿ ಯಾವುದೆಂದು ಕೇಳಿದರೆ ಯಾರು ಹತಾರದ ಹೆಸರು ಹೇಳುತ್ತಾರೆ? ಆ ದಂಪತಿ ಸುಳ್ಳು ಹೇಳಲಿಲ್ಲ ಎಂದದ್ದು ಇದಕ್ಕೇ.

ಪೈಪ್ ಬಿಡಲು ಸಹಿ ಬೇಕೆಂದರು. ಹುಚ್ಚೇಶನಿಗೆ ಎಚ್ಚರ ಬಂದಿತ್ತು. ಗಾಲಿಯ ಮಂಚದ ಮೇಲಿಂದ ಹೆಂಡತಿಯ ಮುಂಗೈ ಹಿಡಿದ.

"ಬ್ಯಾಡ ಅಂದಿದ್ನೆಲ್ಲಾ, ರತ್ನಿ."

"ಅಂದಿದ್ರಿ."

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಾಗದ ತೆಗೆದುಕೊಂಡು, ಗೋಡೆಗೆ ಹಚ್ಚಿ ಸಹಿ ಮಾಡಿದಳು. ಮೂರು ಅಕ್ಷರದ ಸಹಿಗೆ ಬಹಳ ಹೊತ್ತು ಹಿಡಿಯಿತು. ಆಣೆ ಮುರಿದ ಮೇಲೆ ಗಂಡ ಸತ್ತರೆ ಓಣಿ ತನ್ನನ್ನು ಏನೆನ್ನುತ್ತದೆಂದು ಅವಳಿಗೆ ಗೊತ್ತಿತ್ತು.

ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಅಬ್ದುಲಸಾಬ ಸುಮ್ಮನಿರಲಾರದೆ ಮಾತು ತೆಗೆದ. "ನಮ್ಮ ಭಾವನೂ ಹಿಂಗ ರತ್ನವ್ವಾ. ಎದ್ಯಾಗ ಹಿಡಿದಂಗ ಆಗೈತಿ, ಗ್ಯಾಸು ಅಂದ. ಎಡಗೈ ಜೋಮು ಹಿಡದಿತ್ತು, ಮೈಯೆಲ್ಲ ಬೆವತಿದ್ದ. ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ಸೋಡಾ ಕುಡದು ಎರಡು ಡರಕಿ ಹೊಡದಾ, ಹಗೂರಾತು ಅಂದಾ, ಅಲ್ಲೇ..."

"ಸುಮ್ನಿರೋ ಅಣ್ಣಾ. ನಿನಗ ಕೈ ಮುಗಿತೇನಿ."

ಆ ಮಾತನ್ನು ಅಬ್ದುಲಸಾಬ ಎಲ್ಲರ ಮುಂದೆ, ಸೋಡಾ ಗಾಡಿಯ ಮುಂದೆ ನಿಂತು ಹೇಳಬೇಕಿತ್ತು. ಎದೆ ಹಿಡಿದು ಬೆವರುವವನಿಗೆ ಸೋಡಾ ಅಲ್ಲ, ದವಾಖಾನೆ ಬೇಕೆಂದು. ಅಲ್ಲಿ ಹೇಳಲಿಲ್ಲ, ಇಲ್ಲಿ ಹೇಳಿದ.

ಅರ್ಧ ತಾಸಿಗೆ ಬಾಗಿಲು ತೆರೆಯಿತು. ಹೊಟ್ಟೆಯಲ್ಲಿ ಎಂಟಾಣೆಯಗಲದ ಹುಣ್ಣು, ಅದರ ನಡುವೆ ಸೋರುವ ರಕ್ತನಾಳ. ಪೈಪಿನ ಮೂಲಕವೇ ಅದನ್ನು ಮುಚ್ಚಿದ್ದರು. ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದರು.

"ಪರೀಕ್ಷಾ ಯಾಕ್ರಿ?"

"ಇವ್ರ ಅಣ್ಣಗ ಆಗಿದ್ದು ಇದಲ್ಲ ಅಂತ ಖಾತ್ರಿ ಮಾಡ್ಕೋಬೇಕವಾ. ಪೈಪ್ ಬಿಟ್ಟಿದ್ದಕ್ಕ ಅವ್ರು ಹೋಗಲಿಲ್ಲ. ಎರಡು ವರ್ಷ ಬಿಡದ ಇದ್ದದ್ದಕ್ಕ ಹೋದ್ರು."

ವರದಿಗೆ ಎಂಟು ದಿನ. ಆ ಎಂಟು ದಿನ ರತ್ನವ್ವ ಹೇಗೆ ಕಳೆದಳೆಂದು ನಾನು ಬರೆಯಲಾರೆ. ಮನೆಗೆ ಬಂದ ಹುಚ್ಚೇಶ ಗೋಡೆಗೆ ಒರಗಿ ಕೂತು ಮೆತ್ತಗಿನ ಅನ್ನವನ್ನು ನಿಧಾನಕ್ಕೆ ಉಣ್ಣುತ್ತಿದ್ದ. ಗದ್ದ ಎತ್ತಿದನೆಂದರೆ "ಗಾಳಿ ನುಂಗಬ್ಯಾಡ್ರಿ" ಎಂದು ಅವಳು ಗದರುತ್ತಿದ್ದಳು. ತೇಗು ಹತ್ತಕ್ಕೆ ಇಳಿಯಿತು, ಆರಕ್ಕೆ ಇಳಿಯಿತು. ಅವಳಿಗೆ ಅದರಿಂದ ಧೈರ್ಯ ಬರಲಿಲ್ಲ. ಕಡಿಮೆಯಾದದ್ದನ್ನು ಒಮ್ಮೆ ನಂಬಿ ನೋಡಿದ್ದಳು. ದಿಂಡಿಗೆ ಸುತ್ತಿದ ಹಸಿರು ಸೀರೆಯ ಮೇಲಿನ ಕಲೆಯನ್ನು ಮೂರು ಸಲ ಒರೆಸಿದಳು, ಹೋಗಲಿಲ್ಲ. ಅದನ್ನು ಕತ್ತರಿಸಿ ತೆಗೆಯಲೂ ಕೈ ಬರಲಿಲ್ಲ.

ಒಂಬತ್ತನೆಯ ದಿನ ಡಾಕ್ಟರೇ ಫೋನ್ ಮಾಡಿದರು. ಕ್ಯಾನ್ಸರ್ ಇಲ್ಲ. ಹುಣ್ಣು ಗುಳಿಗೆಯಿಂದ ಆದದ್ದು, ಜೊತೆಗೆ ಆ ಕ್ರಿಮಿಯೂ ಇದೆ. ಅದಕ್ಕೆ ಎರಡು ವಾರದ ಔಷಧಿ, ಒಂದು ಹೊತ್ತೂ ತಪ್ಪಿಸುವಂತಿಲ್ಲ. ಎರಡು ತಿಂಗಳಿಗೆ ಮತ್ತೊಮ್ಮೆ ಪೈಪ್ ಬಿಟ್ಟು, ಹುಣ್ಣು ಮಾಯ್ದಿದೆಯೋ ಇಲ್ಲವೋ ನೋಡಲೇಬೇಕು. ನೋವಿನ ಗುಳಿಗೆ ಇನ್ನು ಮುಟ್ಟುವಂತಿಲ್ಲ. ಬೆನ್ನಿಗೆ ಏನು ಮಾಡಬೇಕೆಂಬುದನ್ನು ಆಮೇಲೆ ನೋಡೋಣ.

"ಇಲ್ಲ ಅಂದ್ರು?" ಎಂದು ಹುಚ್ಚೇಶ ಕೇಳಿದ.

"ಇಲ್ಲ ಅಂದ್ರು."

ಅವನು ಮಗ್ಗದ ಕಡೆ ಮುಖ ತಿರುಗಿಸಿದ. ಭುಜಗಳು ಅಲುಗುತ್ತಿದ್ದವು. ರತ್ನವ್ವ ನೋಡದವಳಂತೆ ರಾಟೆ ತಿರುಗಿಸಿದಳು.

ಅವತ್ತು ಮಧ್ಯಾಹ್ನ ಅವನು ಬಹಳ ದಿನಗಳ ಮೇಲೆ ಸೋಡಾ ಗಾಡಿಗೆ ಹೋದ.

"ಬಂತಲೇ ಇಂಜಿನ್!" ಎಂದು ಗಾಳೆಪ್ಪ ಸೋಡಾ ಚಾಚಿದ. ಹುಚ್ಚೇಶ ಅದನ್ನು ತೆಗೆದುಕೊಳ್ಳದೆ, ಸುತ್ತ ನಿಂತ ಹತ್ತು ಹನ್ನೆರಡು ಮಂದಿಯನ್ನು ನೋಡಿ ನೇರವಾಗಿ ಕೇಳಿದ: "ನಿಮ್ಮ ಸಂಡಾಸ ಯಾವ ಬಣ್ಣದ್ದೈತಿ? ಮುಂಜಾನಿ ಯಾರರ ನೋಡೀರೇನು?"

ನಗು ಸಿಡಿಯಿತು. "ಬಾಗಲಕೋಟ್ಯಾಗ ಹೊಟ್ಟಿ ರಿಪೇರಿ ಮಾಡ್ಯಾರ, ತಲಿ ಬಿಟ್ಟಾರಲೇ" ಎಂದ ಒಬ್ಬ. "ಇಳಕಲ್ ಸೀರಿ ಬಣ್ಣ ನೋಡು ಮಾರಾಯಾ, ಅದನ್ಯಾಕ ನೋಡ್ತಿ" ಎಂದ ಇನ್ನೊಬ್ಬ. ಗಾಳೆಪ್ಪ ನಕ್ಕ ರಭಸಕ್ಕೆ ಕೈಯಲ್ಲಿದ್ದ ಸೋಡಾ ಅಂಗಿಯ ಮೇಲೆ ಚೆಲ್ಲಿತು, ಜೇಬಿನಲ್ಲಿದ್ದ ಗುಳಿಗೆಯ ಪಟ್ಟಿ ತೊಯ್ದಿತು.

"ನಗ್ರಿ," ಎಂದ ಹುಚ್ಚೇಶ. "ನಾನೂ ಗುರೆಳ್ಳು ಚಟ್ನಿ ಅಂತ ತಿಳ್ಕೊಂಡಿದ್ದೆ. ಅದು ನನ್ನ ರಕ್ತ. ಬೆನ್ನಿಂದು ಐತೆಲ್ಲಾ, ಅದು ಕೊರದಿದ್ದು."

ನಗು ನಿಲ್ಲಲಿಲ್ಲ, ಸ್ವಲ್ಪ ತಗ್ಗಿತು. ಅಬ್ದುಲಸಾಬ ಒಬ್ಬನೇ ನಗಲಿಲ್ಲ. ದವಾಖಾನೆಯಲ್ಲಿ ಡಾಕ್ಟರು "ನೀವೂ ಬಿಡ್ರಿ" ಎಂದದ್ದಕ್ಕೆ ಹೂಂ ಎಂದವನು, ಮರುದಿನ ಬೆಳಿಗ್ಗೆ ಚಹಾದ ಜೊತೆ ಮತ್ತೆ ಅದನ್ನೇ ನುಂಗಿದ್ದ. ಈಗ ಅರ್ಧ ಕುಡಿದ ಸೋಡಾ ಬಾಟಲಿಯನ್ನು ಗಾಡಿಯ ಮೇಲಿಟ್ಟು, ಯಾರಿಗೂ ಹೇಳದೆ ಮನೆಗೆ ಹೋದ.

ಮರುದಿನ ಬೆಳಿಗ್ಗೆ ರತ್ನವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಎದುರಿಗೆ ಬಂದು ನಿಂತ. ಒಗೆದ ಅಂಗಿ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಚೀಲ.

"ರತ್ನವ್ವಾ, ಬಾಗಲಕೋಟಿ ಬಸ್ ಎಷ್ಟಕ್ಕ ಐತಿ?"

"ಎಂಟಕ್ಕ ಒಂದೈತಣ್ಣಾ." ಅವಳ ಕೈಯ ಚೊಂಬು ನಿಂತಿತು. "ಯಾಕ?"

ಅಬ್ದುಲಸಾಬ ಹೊಸ್ತಿಲ ಕಡೆ, ನೀರಿನ ಕಡೆ, ಆಮೇಲೆ ತನ್ನ ಕಾಲಿನ ಕಡೆ ನೋಡಿದ.

"ನಮ್ಮ ಮನ್ಯಾಗ ಗುರೆಳ್ಳು ಚಟ್ನಿ ಮಾಡೂದ ಇಲ್ಲವಾ," ಎಂದ.